ಹಾರ್ಡ್ ಡಿಸ್ಕ್ ಸತ್ತ ಹಳೇ ಲ್ಯಾಪ್‌ಟಾಪ್ ಸಿಡಿಯಿಂದ ನಡೆದೀತೇ?

ಪ್ರಶ್ನೆ: ನನ್ನ ಬಳಿ 2006ರ ಸುಮಾರಿಗೆ ಕೊಂಡ ಲ್ಯಾಪ್‌ಟಾಪ್ ಇದೆ. ರ‍್ಯಾಮ್ 1 ಜಿಬಿ. ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತ ಕೈಕೊಟ್ಟಿದೆ. ಆದರೆ ಪರದೆ, ಕೀಬೋರ್ಡ್, ಡಿವಿಡಿ ಡ್ರೈವ್ ಚೆನ್ನಾಗಿವೆ. ಪೆನ್ ಡ್ರೈವಿನಿಂದ ಬೂಟ್ ಮಾಡುವ (ಯಂತ್ರ ಎಬ್ಬಿಸುವ) ಆಯ್ಕೆ, ಯಂತ್ರದ ಮೂಲ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಕಾಣುತ್ತಿಲ್ಲ. ಸಿಡಿಯಿಂದಲೇ ನಡೆಯುವ ಹಗುರ ಆಪರೇಟಿಂಗ್ ಸಿಸ್ಟಂಗಳಿವೆಯಂತೆ. ಬರವಣಿಗೆ, ಹಾಡು, ಒಂದಿಷ್ಟು ಇಂಟರ್ನೆಟ್, ಇಷ್ಟಕ್ಕೆ ಸಾಕಾದೀತೇ? ಯಾವುದನ್ನು ಹಾಕಲಿ? ಬರೆದದ್ದೆಲ್ಲ ಎಲ್ಲಿ ಉಳಿಯುತ್ತದೆ?

ಉತ್ತರ: ನಡೆಯುತ್ತದೆ. ಆದರೆ ಸಿಡಿಯನ್ನು ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರಿಸಿ ಎಲ್ಲ ಕೆಲಸವನ್ನೂ ಅದರಿಂದಲೇ ಮಾಡಿಸಲು ಹೊರಟರೆ ಎರಡೇ ದಿನಕ್ಕೆ ಬೇಸರ ಬಂದು ಲ್ಯಾಪ್‌ಟಾಪನ್ನು ಮತ್ತೆ ಮೂಲೆಗೆ ಇಡುತ್ತೀರಿ. ಸಿಡಿಯಿಂದ ಬೂಟ್ ಮಾಡಿ, ರ‍್ಯಾಮಿನಲ್ಲಿ ನಡೆಸಿ, ಪೆನ್ ಡ್ರೈವಿನಲ್ಲಿ ಉಳಿಸಿ. ಮೂರು ಕೆಲಸ, ಮೂರು ಜಾಗ. ಈ ಹಂಚಿಕೆ ಸರಿಯಾಗಿ ಮಾಡಿಕೊಂಡರೆ ನಿಮ್ಮ ಯಂತ್ರ, ಹಾರ್ಡ್ ಡಿಸ್ಕ್ ಇದ್ದ ಕಾಲಕ್ಕಿಂತಲೂ ಚುರುಕಾಗಿ ಓಡಿದರೆ ಆಶ್ಚರ್ಯವಿಲ್ಲ.

ಯಾಕೆಂದರೆ ಸಿಡಿ ಡ್ರೈವಿನಷ್ಟು ನಿಧಾನದ ಭಾಗ ಲ್ಯಾಪ್‌ಟಾಪಿನಲ್ಲಿ ಇನ್ನೊಂದಿಲ್ಲ. ಸಿಡಿಯ 1ಎಕ್ಸ್ ವೇಗ ಅಂದರೆ ಸೆಕೆಂಡಿಗೆ 150 ಕೆಬಿ. ಲ್ಯಾಪ್‌ಟಾಪ್ ಡ್ರೈವುಗಳು ಸಾಮಾನ್ಯವಾಗಿ 24ಎಕ್ಸ್, ಅಂದರೆ ಹೆಚ್ಚೆಂದರೆ 3.6 ಎಂಬಿ. ಅದೂ ಡಿಸ್ಕಿನ ಹೊರ ಅಂಚಿನಲ್ಲಿ ಮಾತ್ರ. ಸಿಡಿಯ ಮೇಲೆ ಬರವಣಿಗೆ ಶುರುವಾಗುವುದು ಒಳಸುತ್ತಿನಿಂದ, ಅಲ್ಲಿ ಸಿಗುವ ವೇಗ ಇದರ ಅರ್ಧವೂ ಇಲ್ಲ. ಇಷ್ಟಾದರೂ ಸಹಿಸಿಕೊಳ್ಳಬಹುದು. ನಿಜವಾದ ತೊಂದರೆ ಹುಡುಕಾಟದ್ದು. ಲೇಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಓದಲು ಶುರುಮಾಡುವುದಕ್ಕೆ 100 ಮಿಲಿಸೆಕೆಂಡಿನ ಮೇಲೆ ಬೇಕು; ಹಾರ್ಡ್ ಡಿಸ್ಕಿಗೆ ಹತ್ತು-ಹದಿನೈದು ಸಾಕು. ಒಂದು ಪ್ರೋಗ್ರಾಂ ತೆರೆಯುವಾಗ ನೂರಾರು ಸಣ್ಣ ಫೈಲುಗಳು ಓದಲ್ಪಡುತ್ತವೆ. ಅಡುಗೆ ನಡುವೆ ಒಂದೊಂದು ಡಬ್ಬಿಗೂ ಅಟ್ಟ ಹತ್ತಿ ಇಳಿದ ಹಾಗೆ. ಸಾಲದ್ದಕ್ಕೆ ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಡ್ರೈವ್ ತಿರುಗುವುದನ್ನೇ ನಿಲ್ಲಿಸುತ್ತದೆ, ಮತ್ತೆ ವೇಗ ಹಿಡಿಯಲು ಕೆಲವು ಸೆಕೆಂಡು ತಿನ್ನುತ್ತದೆ.

ಇದಕ್ಕೆ ದಾರಿ ಕಂಡುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್, ಲಿನಕ್ಸ್ ಎಂಬ ಇಡೀ ಆಪರೇಟಿಂಗ್ ಸಿಸ್ಟಮನ್ನು ಒತ್ತಿ ಒಂದೇ ಸಿಡಿಗೆ ತುಂಬಿ, ಏನನ್ನೂ ಇನ್‌ಸ್ಟಾಲ್ ಮಾಡದೆ ನಡೆಸಬಹುದೆಂದು ಜನರಿಗೆ ತೋರಿಸಿತು. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಶುರುಮಾಡಿದ ಪಪ್ಪಿ ಲಿನಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಬೂಟ್ ಆಗುವಾಗಲೇ ಇಡೀ ವ್ಯವಸ್ಥೆಯನ್ನು ರ‍್ಯಾಮಿಗೆ ಎತ್ತಿಕೊಂಡು, ಆಮೇಲೆ ಸಿಡಿಯನ್ನು ಹೊರಗೆ ತೆಗೆದರೂ ತನ್ನ ಪಾಡಿಗೆ ತಾನು ನಡೆಯುವುದು. ಒಳಗಿನ ಏರ್ಪಾಡು ಸರಳ. ಪ್ರೋಗ್ರಾಂಗಳೆಲ್ಲ ಸ್ಕ್ವಾಷ್‌ಎಫ್‌ಎಸ್ ಎಂಬ ಒತ್ತಿದ, ಓದಲು ಮಾತ್ರ ಬರುವ ಒಂದೇ ದೊಡ್ಡ ಫೈಲಿನಲ್ಲಿರುತ್ತವೆ. ಅದರ ಮೇಲೆ ಬರೆಯಲು ಬರುವ ಇನ್ನೊಂದು ತೆಳು ಪದರ ರ‍್ಯಾಮಿನಲ್ಲಿ ಕೂರುತ್ತದೆ. ನೀವು ಮಾಡುವ ಬದಲಾವಣೆಗಳೆಲ್ಲ ಮೇಲಿನ ಪದರಕ್ಕೆ ಹೋಗುತ್ತವೆ, ಕೆಳಗಿನದು ಮುಟ್ಟದೆ ಉಳಿಯುತ್ತದೆ. ಬಳಸುವವರಿಗೆ ಎರಡೂ ಸೇರಿ ಒಂದೇ ಡಿಸ್ಕ್ ಇದ್ದಂತೆ ಕಾಣುತ್ತದೆ. ಮೇಲಿನ ಪದರವನ್ನು ಎಲ್ಲಾದರೂ ಉಳಿಸದಿದ್ದರೆ ವಿದ್ಯುತ್ ಹೋದ ಕೂಡಲೇ ಅದೂ ಮಾಯ.

ಈಗ ನಿಮ್ಮ 1 ಜಿಬಿಯ ಲೆಕ್ಕ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಬೇರೆ ಮೆಮೊರಿ ಇರುವುದು ಅಪರೂಪ, ಅದು ರ‍್ಯಾಮಿನಲ್ಲೇ 64 ಅಥವಾ 128 ಎಂಬಿ ಕಿತ್ತುಕೊಳ್ಳುತ್ತದೆ. ಸ್ಕ್ವಾಷ್‌ಎಫ್‌ಎಸ್ ಫೈಲ್ 300 ಎಂಬಿ ಇದೆ ಅಂದುಕೊಳ್ಳಿ, ರ‍್ಯಾಮಿಗೆ ಎತ್ತಿದರೆ ಅಷ್ಟೂ ಅಲ್ಲೇ ಕೂರುತ್ತದೆ. ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಡೆಸ್ಕ್‌ಟಾಪ್ ಅಂತ ಇನ್ನೊಂದಿಷ್ಟು ಹೋದ ಮೇಲೆ ನಿಮ್ಮ ಕೆಲಸಕ್ಕೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ಜಿಬಿ. ಬರವಣಿಗೆಗೆ, ಹಾಡಿಗೆ ಇದು ಧಾರಾಳ. ಬ್ರೌಸರಿಗೆ ಇಕ್ಕಟ್ಟು. ಆದ್ದರಿಂದ ರ‍್ಯಾಮಿಗೆ ಎತ್ತಿಕೊಂಡ ಮೇಲೆ ಎಷ್ಟು ಮಿಗುತ್ತದೆ ಎನ್ನುವುದರ ಮೇಲೆ ಆಯ್ಕೆ ಮಾಡಿ, ಡೆಸ್ಕ್‌ಟಾಪಿನ ಅಂದ ನೋಡಿ ಮರುಳಾಗಬೇಡಿ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಗರಿಷ್ಠ ಎಷ್ಟು ರ‍್ಯಾಮ್ ಹಿಡಿಯುತ್ತದೆಂದು ನೋಡಿ, 2 ಜಿಬಿಗೆ ಏರಿಸಲು ಸಾಧ್ಯವಾದರೆ ಮೊದಲು ಅದನ್ನು ಮಾಡಿ. ಈ ಉತ್ತರದಲ್ಲಿ ನಾನು ಹೇಳುವ ಬೇರೆ ಎಲ್ಲ ಉಪಾಯ ಸೇರಿಸಿದರೂ ಅದೊಂದರಷ್ಟು ಫಲ ಕೊಡುವುದಿಲ್ಲ.

ಡೌನ್‌ಲೋಡ್‌ಗೆ ಮುನ್ನ ಪ್ರೊಸೆಸರ್ ಯಾವುದೆಂದು ಖಚಿತ ಮಾಡಿಕೊಳ್ಳಿ. 2006 ಗೊಂದಲದ ವರ್ಷ. ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಡ್ಯುಯೋ 32 ಬಿಟ್ (ಪ್ರೊಸೆಸರ್ ಒಮ್ಮೆಗೆ ನಿಭಾಯಿಸುವ ಅಂಕಿಯ ಅಗಲ). ಅದೇ ವರ್ಷ ಮಧ್ಯದಲ್ಲಿ ಬಂದ ಕೋರ್ 2 ಡ್ಯುಯೋ 64 ಬಿಟ್. ಹೆಸರಿನಲ್ಲಿ ಒಂದು ‘2’ ವ್ಯತ್ಯಾಸ, ಆದರೆ ಮೊದಲನೆಯದರಲ್ಲಿ 64 ಬಿಟ್ ಡಿಸ್ಕ್ ಬೂಟ್ ಆಗುವುದೇ ಇಲ್ಲ. ಅದಕ್ಕೂ ಹಳೆಯ ಪೆಂಟಿಯಂ ಎಂ ಆಗಿದ್ದರೆ ಇನ್ನೊಂದು ತಕರಾರು: ಅವುಗಳಲ್ಲಿ ಹಲವು ತಮಗೆ ಪಿಎಇ ಎಂಬ, ಹೆಚ್ಚು ಮೆಮೊರಿ ಬಳಸಲು ನೆರವಾಗುವ ಸೌಲಭ್ಯ ಇರುವುದನ್ನು ಹೇಳಿಕೊಳ್ಳುವುದಿಲ್ಲ, ಇದ್ದರೂ! ಕರ್ನೆಲ್ ಆ ಕಾರಣಕ್ಕೆ ಮುಂದೆ ಹೋಗಲು ನಿರಾಕರಿಸುತ್ತದೆ. ಬೂಟ್ ಸಾಲಿನ (ಡಿಸ್ಕ್ ಏಳುವಾಗ ಕರ್ನೆಲಿಗೆ ಕೊಡುವ ಆದೇಶದ ಸಾಲು) ಕೊನೆಗೆ ‘ಫೋರ್ಸ್ ಪಿಎಇ’ ಎಂಬ ಎರಡು ಪದವನ್ನು ಇಂಗ್ಲಿಷಿನಲ್ಲಿ ಅಂತರವಿಲ್ಲದೆ ಸೇರಿಸಿ ಟೈಪ್ ಮಾಡಿದರೆ ಬಹುತೇಕ ಹೊರಡುತ್ತದೆ.

32 ಬಿಟ್ ಯಂತ್ರಗಳಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ ಎನ್ನುವುದನ್ನೂ ತಿಳಿದಿರಿ. ಲಿನಕ್ಸಿನ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸಿನಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಫೈರ್‌ಫಾಕ್ಸ್‌ನ ಸಾಮಾನ್ಯ ಸರಣಿಯಲ್ಲಿ 32 ಬಿಟ್ ಲಿನಕ್ಸಿಗೆ 144ನೇ ಆವೃತ್ತಿಯೇ ಕೊನೆ. ಹಾಗಾಗಿ ನಿಮ್ಮದು ಕೋರ್ 2 ಡ್ಯುಯೋ ಆಗಿದ್ದು ರ‍್ಯಾಮ್ 2 ಜಿಬಿ ಮಾಡಿಸಿಕೊಂಡರೆ 64 ಬಿಟ್ ಡಿಸ್ಕನ್ನೇ ಹಾಕಿ. 1 ಜಿಬಿಯಲ್ಲೇ ಉಳಿದರೆ, ಮೆಮೊರಿ ಕಡಿಮೆ ತಿನ್ನುತ್ತದೆಂಬ ಒಂದೇ ಕಾರಣಕ್ಕೆ 32 ಬಿಟ್ ವಾಸಿ.

ಯಾವುದನ್ನು ಹಾಕಲಿ ಎಂದು ಕೇಳಿದ್ದೀರಿ. ನಿಮ್ಮ ಸಂದರ್ಭಕ್ಕೆ ನನ್ನ ಮೊದಲ ಆಯ್ಕೆ ಪಪ್ಪಿ. ಸಿಡಿಯಿಂದ ಬೂಟ್, ರ‍್ಯಾಮಿನಲ್ಲಿ ಓಟ, ಬೇರೆ ಕಡೆ ಉಳಿಕೆ ಎನ್ನುವ ಈ ಬಗೆಯ ಬಳಕೆಗೇ ಅದನ್ನು ಕಟ್ಟಿದ್ದು. 32 ಬಿಟ್‌ಗೆ ಬಯೋನಿಕ್‌ಪಪ್32 ಅಥವಾ ಅದಕ್ಕಿಂತ ಹೊಸದಾದ ಬುಕ್‌ವರ್ಮ್‌ಪಪ್32, 64 ಬಿಟ್‌ಗೆ ಫೊಸಾಪಪ್64 ಅಥವಾ ಬುಕ್‌ವರ್ಮ್‌ಪಪ್64. ಹೊಸ ಆವೃತ್ತಿಗಳು ಸ್ವಲ್ಪ ಮೈ ಬೆಳೆಸಿಕೊಂಡಿವೆ, ಐಎಸ್‌ಒ (ಇಡೀ ಡಿಸ್ಕಿನ ಅಚ್ಚಾದ ಡೌನ್‌ಲೋಡ್ ಫೈಲ್) ಗಾತ್ರ 700 ಎಂಬಿ ದಾಟಿದರೆ ಸಿಡಿ ಬಿಟ್ಟು ಡಿವಿಡಿ ತೆಗೆದುಕೊಳ್ಳಿ. ಬರವಣಿಗೆಗೆ, ಲೆಕ್ಕಪತ್ರಕ್ಕೆ ಪಪ್ಪಿಯಲ್ಲಿ ಸಾಮಾನ್ಯವಾಗಿ ಬರುವ ಅಬಿವರ್ಡ್, ನ್ಯೂಮರಿಕ್ ಹಗುರ, ನಿಮಗೆ ಅಷ್ಟು ಸಾಕು.

ಟೈನಿಕೋರ್ ಇದಕ್ಕಿಂತ ಎಷ್ಟೋ ಚಿಕ್ಕದು. ಡೆಸ್ಕ್‌ಟಾಪ್ ಸೇರಿ ಇಪ್ಪತ್ತು ಚಿಲ್ಲರೆ ಎಂಬಿ, 46 ಎಂಬಿ ರ‍್ಯಾಮಿದ್ದರೂ ಏಳುತ್ತದೆ. ಆದರೆ ಏಳುವುದು ಬರಿಗೈಯಲ್ಲಿ: ಬ್ರೌಸರ್, ವೈಫೈ, ಎಡಿಟರ್ ಒಂದೊಂದನ್ನೂ ನೀವೇ ತಂದು ಜೋಡಿಸಬೇಕು. ಅದರಲ್ಲೇ ಖುಷಿ ಕಾಣುವವರಿದ್ದಾರೆ, ನಿಮ್ಮ ಪ್ರಶ್ನೆ ನೋಡಿದರೆ ನೀವು ಆ ಪೈಕಿಯಲ್ಲ ಅನ್ನಿಸುತ್ತದೆ. ಆಂಟಿಎಕ್ಸ್ ಡೆಬಿಯನ್ ಬುಡದ್ದು, ಗಟ್ಟಿಮುಟ್ಟು, ಹಳೇ ಯಂತ್ರಗಳ ಮೇಲೆ ನಿಜವಾದ ಕಾಳಜಿ ಇಟ್ಟುಕೊಂಡ ತಂಡದ ಕೆಲಸ. ಆದರೆ ಅದರ ಪೂರ್ಣ ಆವೃತ್ತಿಯನ್ನು 1 ಜಿಬಿ ರ‍್ಯಾಮಿಗೆ ಎತ್ತಿದರೆ ನಿಮಗೆ ಕೂರಲು ಜಾಗವಿರುವುದಿಲ್ಲ. ಮುಂದೆ ಡಿಸ್ಕ್ ಹಾಕಿಸಿಕೊಂಡು ಇನ್‌ಸ್ಟಾಲ್ ಮಾಡುವ ದಿನ ಬಂದರೆ ಆಗ ಆಂಟಿಎಕ್ಸ್ ನೋಡಿ. ಹಿಂದೆ 50 ಎಂಬಿಯ ಪವಾಡವಾಗಿದ್ದ ಡ್ಯಾಮ್ ಸ್ಮಾಲ್ ಲಿನಕ್ಸ್ 2024ರಲ್ಲಿ ಮತ್ತೆ ಹುಟ್ಟಿದೆ, ಈಗ ಅದರ ಮಿತಿ ಒಂದು ಸಿಡಿ, ಅಂದರೆ 700 ಎಂಬಿ. ಬುಡ ಆಂಟಿಎಕ್ಸ್‌ನದೇ.

ಸಿಡಿ ಹಾಕುವ ಮುನ್ನ ಸತ್ತ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ತೆಗೆದುಬಿಡಿ. ಇದನ್ನು ಯಾರೂ ಹೇಳುವುದಿಲ್ಲ, ಆಮೇಲೆ ‘ಸಿಡಿ ಬೂಟ್ ಆಗಲು ಹತ್ತು ನಿಮಿಷ ಹಿಡಿಯುತ್ತದೆ’ ಎಂಬ ದೂರು ಬರುತ್ತದೆ. ಕರ್ನೆಲ್ ಏಳುವಾಗ ಸಿಕ್ಕ ಡಿಸ್ಕುಗಳನ್ನೆಲ್ಲ ಮಾತಾಡಿಸುತ್ತದೆ. ಕೆಟ್ಟ ಡಿಸ್ಕ್ ಉತ್ತರ ಕೊಡದೆ ಸತಾಯಿಸುತ್ತದೆ, ಕರ್ನೆಲ್ ಮತ್ತೆ ಮತ್ತೆ ಕೇಳುತ್ತ ಕಾಯುತ್ತದೆ. ಆ ಡಿಸ್ಕಿನಲ್ಲಿ ನಿಮಗೆ ಬೇಕಾದ ಫೋಟೋ, ಕಾಗದಪತ್ರ ಇದ್ದರೆ ಕುತೂಹಲಕ್ಕೆಂದು ಆಗಾಗ ಚಾಲೂ ಮಾಡಿ ನೋಡಬೇಡಿ. ಕಟಕಟ ಸದ್ದು ಅಂದರೆ ಓದುವ ತಲೆಯ ತೊಂದರೆ, ಪ್ರತಿ ಸಲ ತಿರುಗಿದಾಗಲೂ ಉಳಿದದ್ದೂ ಹಾಳಾಗಬಹುದು. ಅದನ್ನು ಡೇಟಾ ಹಿಂಪಡೆಯುವವರ ಕೈಗೆ ಕೊಡುವ ತನಕ ಹಾಗೇ ಎತ್ತಿಡಿ.

ಇನ್ನೊಂದು ಪರೀಕ್ಷೆ ಮೆಮೊರಿಯದು. ಇಡೀ ವ್ಯವಸ್ಥೆ ರ‍್ಯಾಮಿನಲ್ಲಿ ಕೂರುವುದರಿಂದ ರ‍್ಯಾಮಿನಲ್ಲಿ ಒಂದು ಕೆಟ್ಟ ಜಾಗವಿದ್ದರೂ ಕಾರಣವೇ ತಿಳಿಯದ ಕಾಟ ಶುರುವಾಗುತ್ತದೆ: ಇವತ್ತು ಬ್ರೌಸರ್ ಮುಚ್ಚಿಕೊಳ್ಳುತ್ತದೆ, ನಾಳೆ ಡೆಸ್ಕ್‌ಟಾಪ್ ಬರುವುದೇ ಇಲ್ಲ. ಮೆಮ್‌ಟೆಸ್ಟ್86+ ಎಂಬ ಪುಟ್ಟ ಉಪಕರಣವನ್ನು ಒಂದು ರಾತ್ರಿ ಓಡಲು ಬಿಡಿ. ಕೆಂಪು ಸಾಲು ಒಂದು ಬಂದರೂ ಆ ರ‍್ಯಾಮ್ ಪಟ್ಟಿ ಬದಲಿಸಬೇಕು.

ಡಿಸ್ಕ್ ಬರೆಯುವಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಐಎಸ್‌ಒ ಫೈಲನ್ನು ಸಿಡಿಗೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ‘ಡಿಸ್ಕ್ ಇಮೇಜ್ ಬರ್ನ್’ ಎನ್ನುವ ಆಯ್ಕೆಯಿಂದಲೇ ಬರೆಯಬೇಕು. ವಿಂಡೋಸ್ 7ರಿಂದೀಚೆಗೆ ಈ ಆಯ್ಕೆ ಒಳಗೇ ಇದೆ, ಲಿನಕ್ಸಿನಲ್ಲಿ ಬ್ರಸೀರೋ, ಕೆ3ಬಿ ಇವೆ. ಬರೆದ ಮೇಲೆ ಡಿಸ್ಕ್ ತೆರೆದು ನೋಡಿ. ಒಳಗೆ ಹಲವು ಫೈಲುಗಳು ಕಂಡರೆ ಸರಿ, ಒಂದೇ ಐಎಸ್‌ಒ ಫೈಲ್ ಕಂಡರೆ ತಪ್ಪಾಗಿದೆ. ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಗುರುತು) ತಾಳೆ ನೋಡುವುದನ್ನು ಬಿಡಬೇಡಿ. ವೇಗ ಆದಷ್ಟು ಕಡಿಮೆ ಇಡಿ, ಬರೆದಾದ ಮೇಲೆ ವೆರಿಫೈ ಮಾಡಿಸಿ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತವೆ, ದಣಿದ ಲೇಸರಿಗೆ ಓದಲು ಕಷ್ಟ. ನಿಮ್ಮ ಡ್ರೈವ್ ಹಳೆಯದು, ಒಮ್ಮೆ ಮಾತ್ರ ಬರೆಯುವ ಡಿಸ್ಕನ್ನೇ ಬಳಸಿ.

ಲ್ಯಾಪ್‌ಟಾಪ್ ಚಾಲೂ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ, ತಯಾರಕರ ಮೇಲೆ ಕೀ ಬದಲಾಗುತ್ತದೆ. ಬಾರದಿದ್ದರೆ ಬಯಾಸ್ ಒಳಗೆ ಹೋಗಿ ಆಪ್ಟಿಕಲ್ ಡ್ರೈವನ್ನು ಮೊದಲ ಸ್ಥಾನಕ್ಕೆ ತನ್ನಿ. ಒಳಗೆ ಹೋದವರು ದಿನಾಂಕವನ್ನೂ ಒಮ್ಮೆ ನೋಡಿಬನ್ನಿ. ಇಷ್ಟು ಹಳೆಯ ಯಂತ್ರದಲ್ಲಿ ಗಡಿಯಾರದ ಪುಟ್ಟ ಬ್ಯಾಟರಿ ಸತ್ತಿರುತ್ತದೆ, ವರ್ಷ ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರಿನಲ್ಲಿ ಯಾವ ತಾಣ ತೆರೆದರೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ, ಜನ ಲಿನಕ್ಸನ್ನು ಬಯ್ಯುತ್ತಾರೆ. ಡಿಸ್ಕಿನಲ್ಲಿ ತಪ್ಪಿಲ್ಲ, ಇಂದಿನ ದಿನಾಂಕ ಹಾಕಿದರೆ ಎಚ್ಚರಿಕೆ ಹೋಗುತ್ತದೆ. ಬೂಟ್ ಆಗುವಾಗ ಪರದೆ ಕಪ್ಪಾಗಿ ನಿಂತರೆ ಮೆನುವಿನಲ್ಲಿ ‘ನೋ ಮೋಡ್‌ಸೆಟ್’ ಅಥವಾ ಸುರಕ್ಷಿತ ಗ್ರಾಫಿಕ್ಸ್ ಎಂಬ ಆಯ್ಕೆ ಇದೆಯೇ ನೋಡಿ.

ಮೊದಲ ಬೂಟ್‌ಗೆ ಎರಡು-ಮೂರು ನಿಮಿಷ ತಾಳ್ಮೆ ಬೇಕು. ಎತ್ತುವುದು ಮುಗಿದ ಮೇಲೆ ಪ್ರೋಗ್ರಾಂಗಳು ತೆರೆಯುವ ವೇಗ ನೋಡಿದರೆ ಕಾದದ್ದು ಮರೆತುಹೋಗುತ್ತದೆ. ರ‍್ಯಾಮ್ ಸಾಲದಿದ್ದರೆ ಪಪ್ಪಿ ತಾನಾಗಿಯೇ ಡಿಸ್ಕಿನಿಂದ ಓದುತ್ತ ನಡೆಯುತ್ತದೆ. ಆಗ ಡಿಸ್ಕ್ ಹೊರಗೆ ಬರುವುದಿಲ್ಲ, ಅದೇ ಗುರುತು.

ಉಳಿಸುವ ವಿಷಯ. ಮೊದಲ ಸಲ ಮುಚ್ಚುವಾಗ ಪಪ್ಪಿ ‘ಉಳಿಸಲೇ, ಎಲ್ಲಿ?’ ಎಂದು ಕೇಳುತ್ತದೆ. ಪೆನ್ ಡ್ರೈವ್ ತೋರಿಸಿ. ಪೆನ್ ಡ್ರೈವಿನ ಫಾರ್ಮ್ಯಾಟ್ ಸಾಮಾನ್ಯವಾಗಿ ಇರುವ ಫ್ಯಾಟ್32 ಆಗಿದ್ದರೆ ಒಂದು ‘ಸೇವ್ ಫೈಲ್’ ಮಾಡಿಕೊಳ್ಳಬೇಕು, ಅದರ ಗಾತ್ರ ಮೊದಲೇ ಹೇಳಬೇಕು, 4 ಜಿಬಿ ದಾಟುವಂತಿಲ್ಲ. ಪೆನ್ ಡ್ರೈವನ್ನು ಲಿನಕ್ಸಿನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದರೆ ಈ ಮಿತಿಗಳಿಲ್ಲದ ‘ಸೇವ್ ಫೋಲ್ಡರ್’ ಸಿಗುತ್ತದೆ, ನಾನು ಅದನ್ನೇ ಹೇಳುವುದು. ಮುಂದಿನ ಸಲ ಬೂಟ್ ಆಗುವಾಗ ಪೆನ್ ಡ್ರೈವ್ ಚುಚ್ಚಿರಲಿ, ಪಪ್ಪಿ ಅದನ್ನು ತಾನೇ ಹುಡುಕಿ ನಿಮ್ಮ ವೈಫೈ ಪಾಸ್‌ವರ್ಡ್‌ನಿಂದ ಹಿಡಿದು ಡೆಸ್ಕ್‌ಟಾಪ್ ಚಿತ್ರದವರೆಗೆ ಎಲ್ಲ ಮರಳಿಸುತ್ತದೆ. ಆದರೆ ನೀವು ಬರೆಯುವ ಕಾಗದ, ಲೇಖನಗಳನ್ನು ಸೇವ್ ಫೋಲ್ಡರಿನ ಒಳಗೆ ಇಡದೆ ಪೆನ್ ಡ್ರೈವಿನಲ್ಲೇ ಬೇರೆ ಫೋಲ್ಡರಿಗೆ ನೇರ ಉಳಿಸಿ. ಸೇವ್ ಕೆಟ್ಟರೂ ಬರಹ ಉಳಿಯುತ್ತದೆ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ನಂಬುವಂತಿರುವುದಿಲ್ಲ, ಚಾರ್ಜರ್ ಪಿನ್ ಸ್ವಲ್ಪ ಅಲುಗಿದರೂ ರ‍್ಯಾಮಿನಲ್ಲಿದ್ದದ್ದೆಲ್ಲ ಹೋದಂತೆಯೇ. ಡೆಸ್ಕ್‌ಟಾಪಿನಲ್ಲಿರುವ ‘ಸೇವ್’ ಚಿತ್ರವನ್ನು ಆಗಾಗ ಒತ್ತುವುದು ರೂಢಿಯಾಗಲಿ.

ಪಪ್ಪಿಗೆ ಇನ್ನೊಂದು ವಿಶೇಷ ವಿದ್ಯೆ ಗೊತ್ತಿದೆ, ಬೂಟ್ ಆದ ಅದೇ ಡಿಸ್ಕಿನ ಖಾಲಿ ಜಾಗಕ್ಕೆ ನಿಮ್ಮ ಬದಲಾವಣೆಗಳನ್ನು ಬರೆಯುವುದು. ಡಿಸ್ಕನ್ನು ಮಲ್ಟಿಸೆಷನ್ ಆಗಿ, ಅಂದರೆ ಹಲವು ಕಂತಿನಲ್ಲಿ ಬರೆಯಲು ಮುಕ್ತವಾಗಿ ಬಿಟ್ಟಿರಬೇಕು, ಡ್ರೈವ್ ಬರೆಯಬಲ್ಲದ್ದಾಗಿರಬೇಕು. ಕೇಳಲು ಚೆಂದ. ಆದರೆ ಸಿಡಿಯಲ್ಲಿ ಮೊದಲ ಹೆಚ್ಚುವರಿ ಸೆಷನ್ನಿಗೆ ಸುಮಾರು 22 ಎಂಬಿ, ಆಮೇಲಿನ ಒಂದೊಂದಕ್ಕೂ ಸುಮಾರು 13 ಎಂಬಿ ಬರೀ ಗಡಿ ಗುರುತಿಗೇ ಖರ್ಚಾಗುತ್ತದೆ, ನೀವು ಒಂದು ಸಾಲು ಬರೆದು ಉಳಿಸಿದರೂ ಅಷ್ಟೇ. ಹಳೇ ಲೇಸರಿನ ಕೈಲಿ ಪದೇ ಪದೇ ಬರೆಸುವುದು ನನಗೆ ಸರಿ ಕಾಣುವುದಿಲ್ಲ. ಪೆನ್ ಡ್ರೈವ್ ಇರುವಾಗ ಈ ಸಾಹಸ ಬೇಡ.

ಪೆನ್ ಡ್ರೈವಿನಿಂದ ಬೂಟ್ ಆಗುವುದಿಲ್ಲ ಅಂದಿರಲ್ಲ, ಅಲ್ಲೊಂದು ಸಂದಿ ಇದೆ. ಪೆನ್ ಡ್ರೈವ್ ಗೊತ್ತಿಲ್ಲದಿರುವುದು ಬಯಾಸಿಗೆ, ಕರ್ನೆಲಿಗಲ್ಲ. ಸಿಡಿಯಿಂದ ಕರ್ನೆಲ್ ಒಮ್ಮೆ ಎದ್ದು ನಿಂತರೆ ತನ್ನದೇ ಡ್ರೈವರುಗಳಿಂದ ಪೆನ್ ಡ್ರೈವನ್ನು ಪೂರ್ತಿ ವೇಗದಲ್ಲಿ ಓದುತ್ತದೆ. ಸಿಡಿಯಲ್ಲಿರುವ ದೊಡ್ಡ ಸ್ಕ್ವಾಷ್‌ಎಫ್‌ಎಸ್ ಫೈಲನ್ನು ಪೆನ್ ಡ್ರೈವಿಗೆ ಕಾಪಿ ಮಾಡಿ, ಪಪ್ಪಿಗೆ ಬೂಟ್ ಸಾಲಿನಲ್ಲಿ ಅದು ಇರುವ ಜಾಗ ತೋರಿಸಬಹುದು. ಆಗ ಸಿಡಿ ಓದುವುದು ಮೊದಲ ಕೆಲವು ಎಂಬಿ ಮಾತ್ರ. ಇದಕ್ಕಿಂತ ಸುಲಭದ್ದು ಪ್ಲಾಪ್ ಬೂಟ್ ಮ್ಯಾನೇಜರ್: ಅದನ್ನು ಒಂದು ಸಿಡಿಗೆ ಬರೆದು ಬೂಟ್ ಮಾಡಿದರೆ ಮೆನುವಿನಲ್ಲಿ ‘ಯುಎಸ್‌ಬಿ’ ಎಂಬ ಸಾಲು ಬರುತ್ತದೆ, ಒತ್ತಿದರೆ ಪೆನ್ ಡ್ರೈವಿನಲ್ಲಿರುವ ಲಿನಕ್ಸ್ ಏಳುತ್ತದೆ. ಎಲ್ಲ ಯಂತ್ರಗಳಲ್ಲೂ ಇದು ಹೊಂದುವುದಿಲ್ಲ, ಆದರೂ ಪ್ರಯತ್ನಕ್ಕೆ ಖರ್ಚು ಒಂದು ಸಿಡಿ.

ಇಂಟರ್ನೆಟ್ ಬಗ್ಗೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಆಪರೇಟಿಂಗ್ ಸಿಸ್ಟಂ ಎಷ್ಟು ಹಗುರವಾದರೂ ಇವತ್ತಿನ ವೆಬ್ ಪುಟಗಳು ಹಗುರವಾಗುವುದಿಲ್ಲ. 1 ಜಿಬಿಯಲ್ಲಿ ಒಂದೋ ಎರಡೋ ಟ್ಯಾಬ್, ಅಷ್ಟೇ. ಯುಬ್ಲಾಕ್ ಒರಿಜಿನ್‌ನಂತಹ ಜಾಹೀರಾತು ತಡೆ ಹಾಕಿದರೆ ಅರ್ಧ ಭಾರ ಇಳಿದಂತೆ. ಬರೀ ಓದುವ ಪುಟಗಳಿಗೆ ನೆಟ್‌ಸರ್ಫ್ ಅಥವಾ ಡಿಲ್ಲೋ ಸಾಕು, ಮೆಮೊರಿ ತಿನ್ನುವುದೇ ಇಲ್ಲ ಎನ್ನಬಹುದು. ವಿಡಿಯೋವನ್ನು ಬ್ರೌಸರಿನಲ್ಲಿ ನೋಡುವ ಹಟ ಬಿಟ್ಟು 360ಪಿ ಗಾತ್ರದಲ್ಲಿ ಎಂಪಿವಿ ಪ್ಲೇಯರಿನಲ್ಲಿ ನೋಡಿ. ಝೆಡ್‌ರ‍್ಯಾಮ್ ಚಾಲೂ ಮಾಡಿದರೆ ರ‍್ಯಾಮಿನ ಒಂದು ಭಾಗ ಒತ್ತಿಟ್ಟುಕೊಳ್ಳುವ ಸ್ವಾಪ್ (ರ‍್ಯಾಮ್ ತುಂಬಿದಾಗ ನೆರವಾಗುವ ಹೆಚ್ಚುವರಿ ಜಾಗ) ಆಗಿ ಕೆಲಸ ಮಾಡುತ್ತದೆ; ಹಾರ್ಡ್ ಡಿಸ್ಕ್ ಇಲ್ಲದ ನಿಮಗೆ ಇದು ಬೇಕೇ ಬೇಕು. ಸ್ವಾಪನ್ನು ಪೆನ್ ಡ್ರೈವಿನ ಮೇಲೆ ಇಡಬೇಡಿ, ಅದರ ಆಯಸ್ಸು ಬೇಗ ಮುಗಿಯುತ್ತದೆ.

ಸಿಡಿಗೆ ವೈರಸ್ ತಗುಲುವುದಿಲ್ಲ ಎನ್ನುವುದು ನಿಜ. ಹಾಗೆಂದು ಅದರಲ್ಲಿರುವ ಬ್ರೌಸರ್ ಹಳತಾಗದೆ ಇರುವುದಿಲ್ಲ. ಪಪ್ಪಿಯಲ್ಲಿ ನೀವು ಮೊದಲಿನಿಂದಲೂ ರೂಟ್, ಅಂದರೆ ಸರ್ವಾಧಿಕಾರಿ. ಬ್ರೌಸರನ್ನು ಹೊಸದು ಮಾಡಿಕೊಳ್ಳದೆ ಹಣದ ವ್ಯವಹಾರಕ್ಕೆ ಇಳಿಯಬೇಡಿ.

ವೈಫೈ ಸಿಗದಿದ್ದರೆ ಹೆದರಬೇಡಿ, ಆ ಕಾಲದ ಬ್ರಾಡ್‌ಕಾಂ ಚಿಪ್ಪುಗಳಿಗೆ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ಪುಟ್ಟ ತಂತ್ರಾಂಶ) ಬೇರೆ ಹಾಕಬೇಕಾಗುತ್ತದೆ. ಮೊದಲ ದಿನ ನೆಟ್‌ವರ್ಕ್ ಕೇಬಲ್ ಹಾಕಿ ಅದನ್ನು ಇಳಿಸಿಕೊಳ್ಳಿ. ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೆ ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟ್ ಫೈಲನ್ನು ಫಾಂಟ್ ಫೋಲ್ಡರಿಗೆ ಹಾಕಿ ಬ್ರೌಸರ್ ಮತ್ತೆ ತೆರೆಯಿರಿ.

ಇಷ್ಟು ಮಾಡಿ ಒಂದು ತಿಂಗಳು ಬಳಸಿ. ದಿನವೂ ಕೈಗೆ ಬರುವ ಯಂತ್ರವಾಯಿತು ಅನ್ನಿಸಿದರೆ, ಹಾರ್ಡ್ ಡಿಸ್ಕ್ ಬಿಚ್ಚಿದ ಜಾಗದ ಕನೆಕ್ಟರ್ ನೋಡಿ. 2006ರ ಲ್ಯಾಪ್‌ಟಾಪುಗಳಲ್ಲಿ ಎರಡು ಬಗೆಯೂ ಇವೆ. ಚಪ್ಪಟೆಯಾದ ಸಾಟಾ ಇದ್ದರೆ ಈಗಿನ ಸಾಮಾನ್ಯ 2.5 ಇಂಚಿನ ಎಸ್‌ಎಸ್‌ಡಿ ನೇರ ಕೂರುತ್ತದೆ, ಸಿಡಿಯನ್ನು ಒಮ್ಮೆ ಇನ್‌ಸ್ಟಾಲ್ ಮಾಡಲು ಬಳಸಿ ಪಕ್ಕಕ್ಕಿಡಬಹುದು. ಸೂಜಿಗಳ ಎರಡು ಸಾಲಿರುವ 44 ಪಿನ್ನಿನ ಐಡಿಇ ಇದ್ದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಅಡಾಪ್ಟರಿನ ಮೂಲಕ ಕೂರಿಸಬಹುದು.